ಹೇಳಿಕೆ ಕೊಡದ ಅಕ್ಕೋರು

ಅಕ್ಕೋರ ಎರಡೂ ಕಾಲಿನ ಹರಡಿನ ಮೇಲೆ, ಹೊರಬದಿಗೆ, ರೂಪಾಯಿಯಗಲ ಚರ್ಮ ಕಪ್ಪಾಗಿ ಜಡ್ಡುಗಟ್ಟಿತ್ತು. ಸೀರೆಯನ್ನು ಚೂರು ಎತ್ತಿ ಹಿಡಿದು ಚಾಳಿನ ಮೆಟ್ಟಿಲು ಹತ್ತುವಾಗ ಹಿಂದೆ ಬರುವವರ ಕಣ್ಣಿಗೆ ಮೊದಲು ಬೀಳುತ್ತಿದ್ದುದೇ ಅದು. ಚಪ್ಪಲಿ ಕಚ್ಚಿದ ಗಾಯ ಒಣಗಿರಬೇಕು ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಅದು ಸಿಮೆಂಟ್ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ವರ್ಷಗಟ್ಟಲೆ ಕೂತು ಬಂದ ಗುರುತು. ಕೆಳಗೆ ದಪ್ಪನೆಯ ಏನಾದರೂ ಹಾಸಿಕೊಳ್ಳಬಾರದೆ ಎಂದು ಕೇಳಿದರೆ, “ಹಾಸ್ಕೊಂಡ್ರ ನಿದ್ದಿ ಬರತೈತಿ ತಂಗಿ” ಎನ್ನುತ್ತಿದ್ದರು.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಅವರು ಬೈಕುಲ್ಲಾದ ಒಂದು ಕನ್ನಡ ಶಾಲೆಯಲ್ಲಿ ಕಲಿಸಿ, ಆ ಶಾಲೆಗೆ ಮಕ್ಕಳೇ ಬರದಂತಾಗುವುದನ್ನು ಕಣ್ಣಾರೆ ಕಂಡು ನಿವೃತ್ತರಾದವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಘಾಟ್ಕೋಪರ್ ಗುಡ್ಡದ ಮೇಲಿನ ನಮ್ಮ ಚಾಳಿನಲ್ಲಿ, ನಮ್ಮ ಖೋಲಿಯಿಂದ ಒಂದು ಮಜಲು ಕೆಳಗೆ ಅವರ ಖೋಲಿ. ಚಾಳಿನ ತುಂಬ ಬಾಗಲಕೋಟೆ, ವಿಜಯಪುರ ಕಡೆಯ ಜನ. ಗಂಡಸರು ಬಿಲ್ಡಿಂಗ್ ಕೆಲಸಕ್ಕೆ, ಹೆಂಗಸರು ಮನೆಗೆಲಸಕ್ಕೆ ಹೋಗುವವರು. ನನ್ನ ಗಂಡ ಟೈಲ್ಸ್ ಕೂಡಿಸುತ್ತಾನೆ. ನಾನು ಪಿಯುಸಿ ಮುಗಿಸಿ ಮದುವೆಯಾಗಿ ಇಲ್ಲಿಗೆ ಬಂದವಳು, ಬೈಕುಲ್ಲಾದ ಒಂದು ಬ್ಯಾಗಿನ ಕಾರ್ಖಾನೆಯಲ್ಲಿ ಜಿಪ್ ಹೊಲಿಯುತ್ತೇನೆ.

ಆ ವರ್ಷಗಳನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ದಣಿವು. ಬೆಳಗಾಗುವ ಮೊದಲೇ ನಲ್ಲಿಗೆ ಪಾಳಿ ಹಚ್ಚಬೇಕು, ಕೊಡ ಹೊತ್ತು ಮೆಟ್ಟಿಲು ಹತ್ತಬೇಕು, ಡಬ್ಬಿ ಕಟ್ಟಬೇಕು, ಲೋಕಲ್‌ನಲ್ಲಿ ಒಂಟಿ ಕಾಲಿನ ಮೇಲೆ ನಿಂತು ಹೋಗಬೇಕು, ಹಾಗೆಯೇ ನಿಂತು ಬರಬೇಕು. ಕಾರ್ಖಾನೆಯಲ್ಲಿ ಮಿಷನ್ ಮುಂದೆ ಕೂತೇ ಕೆಲಸ ಮಾಡುತ್ತಿದ್ದೆ, ಖರೆ. ಆದರೆ ಸೊಂಟ ಮುರಿಯುವ ಆ ಕೂಡುವಿಕೆಯನ್ನು ಕೂತದ್ದು ಎಂದು ಯಾರು ಹೇಳುತ್ತಾರೆ? ಮನೆಗೆ ಬಂದು ಗೋಡೆಗೆ ಬೆನ್ನು ಕೊಟ್ಟರೆ ಸಾಕು, “ಏನವಾ, ಮಹಾರಾಣಿ ಆದೆಲ್ಲ” ಎಂದು ಅತ್ತೆ ಕುಟುಕುತ್ತಿದ್ದರು. ಅತ್ತೆಯೂ ಕೂಡುತ್ತಿರಲಿಲ್ಲ. ಅಕ್ಕಿ ಆರಿಸುವುದನ್ನೂ ಅವರು ನಿಂತೇ ಮಾಡುತ್ತಿದ್ದರು.

ಅಕ್ಕೋರು ಮೊದಲು ಭಾರಿ ಸಿಟ್ಟಿನ ಹೆಂಗಸಂತೆ. ಇದನ್ನು ಬೇರೆಯವರಲ್ಲ, ಅವರೇ ಹೇಳಿದ್ದು. ಶಾಲೆಯಲ್ಲಿ ಫೂಟಪಟ್ಟಿ ಮುರಿಯುವಂತೆ ಹೊಡೆಯುತ್ತಿದ್ದರಂತೆ, ಮನೆಯಲ್ಲಿ ಹಾಸಿಗೆ ಹಿಡಿದ ಗಂಡನ ಮೇಲೂ ರೇಗುತ್ತಿದ್ದರಂತೆ. ಗಂಡ ಹೋದ ಮೇಲೆ ರೇಗಲು ಯಾರೂ ಉಳಿಯಲಿಲ್ಲ, ಸಿಟ್ಟು ಮಾತ್ರ ಉಳಿಯಿತು. ಆಗ ಯಾರೋ ಹೇಳಿದರೆಂದು ಕಸಾರಾ ಘಾಟಿನ ಆಚೆ ಇರುವ ಒಂದು ಧ್ಯಾನಕೇಂದ್ರಕ್ಕೆ ಹೋದರು. ಹತ್ತು ದಿನ ಮಾತಿಲ್ಲ, ಕಥೆಯಿಲ್ಲ, ಮೂಗಿನ ತುದಿಯಲ್ಲಿ ಉಸಿರು ಬರುವುದನ್ನೂ ಹೋಗುವುದನ್ನೂ ನೋಡುತ್ತ ಕೂಡಬೇಕು. ಅಕ್ಕೋರು ಅರ್ಧಕ್ಕೇ ಗಂಟು ಕಟ್ಟಿಕೊಂಡು ಓಡಿ ಬಂದರು. ಮತ್ತೆ ಹೋದರು, ಮತ್ತೆ ಓಡಿ ಬಂದರು. “ಮಾತಾಡದ ಇರಬಹುದು ತಂಗಿ. ಬೈಯಾಕ ಒಬ್ಬರೂ ಸಿಗಲಿಲ್ಲಲ್ಲ, ಅದನ್ನ ತಡಕೊಳ್ಳಾಕ ಆಗಲಿಲ್ಲ” ಎಂದು ನಗುತ್ತಿದ್ದರು. ಆಮೇಲೊಮ್ಮೆ ಹೇಗೋ ಪೂರ್ತಿ ಮುಗಿಸಿದರು. ಅಂದಿನಿಂದ ದಿನಾ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಕೂಡುವುದನ್ನು ಬಿಟ್ಟವರಲ್ಲ. ಜ್ವರ ಬಂದಾಗಲೂ ಕೂತರು, ಗಣಪತಿ ಹಬ್ಬದ ಡೋಲು ಬಾಗಿಲಲ್ಲೇ ಬಾರಿಸುವಾಗಲೂ ಕೂತರು. ಮನಸ್ಸು ನಿಲ್ಲುತ್ತದೆಯೇ ಎಂದು ಒಮ್ಮೆ ಕೇಳಿದೆ. “ಅದೆಲ್ಲಿ ನಿಲ್ಲತೈತಿ? ಬಜಾರಕ್ಕ ಹೋಗಿ ಬರತೈತಿ. ಬಂದಾಗ ಮನ್ಯಾಗ ಯಾರರ ಇರಬೇಕಲ್ಲ, ಅದಕ್ಕ ನಾ ಕುಂತಿರತೀನಿ” ಎಂದರು.

ಅವರ ಖೋಲಿಗೆ ಕಿಟಕಿ ಇರಲಿಲ್ಲ. ಗಾಳಿ ಬೇಕೆಂದರೆ ಬಾಗಿಲು ತೆರೆದಿಟ್ಟುಕೊಂಡೇ ಕೂಡಬೇಕು. ಎಲ್ಲ ಎಡವಟ್ಟು ಶುರುವಾದದ್ದು ಅಲ್ಲಿಂದಲೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಂಗಸರು ಪ್ಯಾಸೇಜಿನಲ್ಲಿ ಹಾದುಹೋಗುತ್ತಾರೆ. ಒಳಗೆ ಒಬ್ಬ ವಿಧವೆ ಕಣ್ಣು ಮುಚ್ಚಿ ಕೂತಿದ್ದಾಳೆ, ಮೈ ಸಣ್ಣಗೆ ಓಲಾಡುತ್ತಿದೆ, ಉಸಿರು ದೊಡ್ಡದಾಗಿ ಕೇಳುತ್ತಿದೆ, ಕಣ್ಣಿಂದ ನೀರು ಇಳಿಯುತ್ತಿದೆ. ಆ ನೀರು ಮೊಣಕಾಲು ನೋವಿನದು. ಆದರೆ ನಮ್ಮ ಕಡೆಯ ಹೆಂಗಸರಿಗೆ ಇದಕ್ಕೆ ಒಂದೇ ಅರ್ಥ ಗೊತ್ತು. ಮೈಮೇಲೆ ದೇವಿ ಬಂದಿದ್ದಾಳೆ.

ಒಂದು ಶುಕ್ರವಾರ ಅಕ್ಕೋರು ಕಣ್ಣು ತೆರೆದಾಗ ಹೊಸ್ತಿಲ ಮೇಲೆ ತೆಂಗಿನಕಾಯಿ, ಹಸಿರು ಬಳೆ, ರವಿಕೆಯ ಖಣ, ಅರಿಶಿನದ ಭಂಡಾರ ಎಲ್ಲ ಇದ್ದವು. ಹಿಂದೆ ಆರೆಂಟು ಹೆಂಗಸರು ಸೆರಗು ಹೊದ್ದು ಕೂತಿದ್ದರು. ಅಕ್ಕೋರಿಗೆ ಹಳೆಯ ಸಿಟ್ಟೆಲ್ಲ ಒಮ್ಮೆಲೇ ನೆತ್ತಿಗೇರಿತು. “ಏಳ್ರಿ ಇಲ್ಲಿಂದ! ಯಾವ ದೇವಿನೂ ಇಲ್ಲ, ಗೀವಿನೂ ಇಲ್ಲ! ನನ್ನ ಮೈಮ್ಯಾಲ ಯಾರೂ ಬರೂದಿಲ್ಲ, ಒಳಗ ಇದ್ದವರನ್ನ ಹೊರಗ ಹಾಕಾಕ ಕುಂತೀನಿ!” ಎಂದು ಕೂಗಿದರು. ಹೆಂಗಸರು ಅಡ್ಡಬಿದ್ದರು. ದೇವಿ ಸಿಟ್ಟಿನವಳೆಂದು ಯಾರಿಗೆ ಗೊತ್ತಿಲ್ಲ?

ಅವರ ಸಿಟ್ಟಿಗೆ ಇದ್ದ ಕಾರಣ ನನಗೆ ಆಮೇಲೆ ತಿಳಿಯಿತು. ಅವರ ಅಜ್ಜಿಯನ್ನು ಹುಡುಗಿಯಾಗಿದ್ದಾಗಲೇ ದೇವಿಗೆ ಬಿಟ್ಟಿದ್ದರಂತೆ. ಅಜ್ಜಿಯ ಮೈಮೇಲೆ ದೇವಿ ಬರುತ್ತಿದ್ದಳು, ಊರೆಲ್ಲ ಬಂದು ಹೇಳಿಕೆ, ಅಂದರೆ ದೇವಿಯ ಬಾಯಿಂದ ತೀರ್ಪು, ಕೇಳುತ್ತಿತ್ತು. ದೇವಿ ಇಳಿದ ಮೇಲೆ ಅದೇ ಊರು ಅಜ್ಜಿಯನ್ನು ಹೇಗೆ ಬೇಕೋ ಹಾಗೆ ನಡೆಸಿಕೊಳ್ಳುತ್ತಿತ್ತು. ಅದನ್ನು ನೋಡಿ ಬೆಳೆದ ಅಕ್ಕೋರ ತಂದೆ, ಮನೆಯ ದೇವರುಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿ ಭೀಮಾ ನದಿಗೆ ಬಿಟ್ಟು, ಬೌದ್ಧರಾಗಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಮುಂಬಯಿಗೆ ಬಂದರು. ಆ ತಂದೆಯ ಮಗಳ ಹೊಸ್ತಿಲಿಗೆ ಈಗ ಖಣ ಬಳೆ ಬಂದು ಕೂತಿತ್ತು.

ಬೈದು ನೋಡಿದರು, ತಿಳಿಹೇಳಿ ನೋಡಿದರು. ಒಂದು ವಾರ ಬಾಗಿಲು ಹಾಕಿಕೊಂಡು ಕೂತು ಸೆಖೆಗೆ ತಲೆ ಸುತ್ತಿ ಬಿದ್ದರು. ಹೆಂಗಸರು ಜಗ್ಗಲಿಲ್ಲ. ಕೊನೆಗೆ ಸಾಕಾಗಿ, “ಕಾಯಿ ಬಳಿ ತರಬ್ಯಾಡ್ರಿ. ನಾ ಮಾತಾಡೂದಿಲ್ಲ, ಹೇಳಿಕಿ ಕೊಡೂದಿಲ್ಲ. ಕುಂದರೂದಿದ್ರ ಸುಮ್ಮಕ ಕುಂದರ್ರಿ” ಎಂದರು. ಹೆಂಗಸರು ಕೂತರು. ದೇವಿ ಇಂದಲ್ಲ ನಾಳೆ ಬಾಯಿ ಬಿಟ್ಟಾಳು ಎಂದು ಕಿವಿ ತೆರೆದುಕೊಂಡು ಒಂದು ತಾಸು ಕಾದರು. ಆ ಕಾಯುವ ಗುಂಪಿನಲ್ಲಿ ನಾನೂ ಇದ್ದೆ.

ನನಗೆ ದೇವಿಯ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ಆದರೆ ಅದು ಎಂಥ ತಾಸು! ಯಾರೂ ನೀರು ಕೇಳುವುದಿಲ್ಲ, ಯಾರೂ ಏಳು ಎನ್ನುವುದಿಲ್ಲ. ದೇವಿಯ ಮುಂದೆ ಕೂತವಳನ್ನು ಎಬ್ಬಿಸುವ ಧೈರ್ಯ ಯಾವ ಗಂಡಸಿಗೂ ಇರಲಿಲ್ಲ. ಮೊದಮೊದಲು ನನಗೆ ತೂಕಡಿಕೆಯೇ ಬರುತ್ತಿತ್ತು. ಆಮೇಲೆ ಒಂದು ದಿನ ನನ್ನ ಉಸಿರು ನನಗೇ ಕೇಳಿಸಿತು. ಅಕ್ಕೋರು ಯಾರಿಗೂ ಏನೂ ಕಲಿಸಲಿಲ್ಲ. ಕೇಳಿದವರಿಗೆ ಮಾತ್ರ ಆಮೇಲೆ, “ಮೂಗಿನ ಕಡೆ ಲಕ್ಷ್ಯ ಇಡು, ಅಷ್ಟ ಸಾಕು” ಎನ್ನುತ್ತಿದ್ದರು.

ಇಷ್ಟರಲ್ಲಿ ನನ್ನ ಮನೆಯಲ್ಲಿ ಬೇರೆಯದೇ ಒಂದು ಕುದಿಯುತ್ತಿತ್ತು. ನನಗೆ ಇಬ್ಬರು ಹೆಣ್ಣುಮಕ್ಕಳು. ಅವರಾದ ಮೇಲೆ ಮತ್ತೆ ಬಸಿರಾಗಿ ಇಳಿದುಹೋಗಿತ್ತು, ಅದೂ ಒಮ್ಮೆಯಲ್ಲ. ಕೊನೆಯ ಸಲ ರಕ್ತ ಹೋಗಿ ಆಸ್ಪತ್ರೆಯಲ್ಲಿ ಬಿದ್ದಾಗ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು, ಇನ್ನೊಂದು ಬಸಿರಾದರೆ ನೀನು ಉಳಿಯುವುದಿಲ್ಲ, ಆಪರೇಷನ್ ಮಾಡಿಸಿಕೋ ಎಂದು. ಅತ್ತೆಗೆ ಒಂದು ಗಂಡು ಕೂಸು ಬೇಕಿತ್ತು. ಗಂಡ, “ಅವ್ವ ಹೆಂಗ ಅಂತಾಳೋ ಹಂಗ” ಎಂದು ಕೈ ತೊಳೆದುಕೊಂಡ. ಅತ್ತೆ ಯೋಚನೆ ಮಾಡಿ, ಅಕ್ಕೋರ ಹತ್ತಿರ ಹೇಳಿಕೆ ಕೇಳುವುದೆಂದು ತೀರ್ಮಾನಿಸಿದರು. ಆಪರೇಷನ್ ಮಾಡಿಸಬೇಕೋ, ಇನ್ನೊಂದು ನೋಡಬೇಕೋ. ದೇವಿ ಅಂದದ್ದೇ ಅಂದದ್ದು.

ನಾನು ಅಕ್ಕೋರನ್ನು ಮೆಟ್ಟಿಲಲ್ಲಿ ಹಿಡಿದೆ. ಅವರ ಕೈಯಲ್ಲಿ ಭಾಜಿಯ ಚೀಲವಿತ್ತು.

“ಒಂದ ಮಾತು ಅಕ್ಕೋರ. ಶುಕ್ರವಾರ ಅತ್ತಿ ಕೇಳಿದಾಗ, ಕಣ್ಣು ಮುಚ್ಚಿಕೊಂಡ, ‘ಸಾಕು’ ಅಂದಬಿಡ್ರಿ. ನನ್ನ ಜೀವ ಉಳೀತೈತಿ.”

ಅವರು ಮೆಟ್ಟಿಲ ಮೇಲೆಯೇ ಕುಸಿದು ಕೂತರು. ಚೀಲವನ್ನು ಪಕ್ಕಕ್ಕಿಟ್ಟರು.

“ಆಗೂದಿಲ್ಲ ತಂಗಿ. ಇವತ್ತ ನಿನ್ನ ಸಲುವಾಗಿ ದೇವಿ ಆದ್ರ ನಾಳಿ ಇಳಿಯಾಕ ಬರೂದಿಲ್ಲ. ನಾಳಿ ಯಾರರ ಬಂದು ಇದ ಬಾಯಿಲೆ ಇನ್ನೊಬ್ಬಾಕಿಗೆ ‘ಹಡಿ’ ಅನಿಸ್ತಾರ. ನಮ್ಮಜ್ಜಿ ಬಾಯಿಲೆ ಹಂಗ ಎಷ್ಟ ಅನಿಸ್ಯಾರ, ಗೊತ್ತೇನು?”

“ಮತ್ತ ನಾ ಸಾಯ್ಲೇನು?”

“ನಾ ಟೀಚರ್ ಇದೀನಲ್ಲ, ಟೀಚರ್ ಆಗಿ ಹೇಳ್ತೀನಿ. ಅಷ್ಟ ನನ್ನ ಕಡೆ ಐತಿ.”

ನನಗೆ ಮೈಯೆಲ್ಲ ಉರಿಯಿತು. ಒಂದು ಸುಳ್ಳು ಹೇಳಲು ಇವರಿಗೆ ಏನು ಖರ್ಚು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಅವರು ಮಾತು ಉಳಿಸಿಕೊಂಡರು. ಆ ಭಾನುವಾರ ಇಸ್ತ್ರಿ ಸೀರೆ ಉಟ್ಟು ನಮ್ಮ ಖೋಲಿಗೆ ಬಂದು, ಶಾಲೆಯಲ್ಲಿ ತಾಯಂದಿರಿಗೆ ಹೇಳಿದ ಹಾಗೆ ಬಿಡಿಸಿ ಹೇಳಿದರು. ಡಾಕ್ಟರು ಹೇಳಿದ್ದು ಸರಿ, ಸೊಸೆಯ ಮೈಯಲ್ಲಿ ರಕ್ತವಿಲ್ಲ, ಇರುವ ಹೆಣ್ಣುಮಕ್ಕಳಿಗೆ ತಾಯಿ ಬೇಕು, ದೇವಿ ಗೀವಿ ಎಲ್ಲ ಸುಳ್ಳು. ಅತ್ತೆ ತಲೆಯಾಡಿಸುತ್ತ ಕೇಳಿದರು, ಏಲಕ್ಕಿ ಹಾಕಿ ಚಹಾ ಕೊಟ್ಟರು. ಆಮೇಲೆ ಬಾಗಿಲ ತನಕ ಕಳಿಸಲು ಹೋಗಿ, “ಅದು ನೀವು ಹೇಳಿದ್ದಾತ್ರಿ ಅಕ್ಕೋರ. ಶುಕ್ರವಾರ ಆಕಿ ಏನಂತಾಳ ನೋಡೂಣು” ಎಂದರು.

ಶುಕ್ರವಾರ ಅತ್ತೆ ಕೇಳಿದರು. ಅಕ್ಕೋರು ಕಣ್ಣು ಮುಚ್ಚಿ ಕೂತಿದ್ದರು. ಉತ್ತರವಿಲ್ಲ. ಮುಂದಿನ ಶುಕ್ರವಾರ ಮತ್ತೆ ಕೇಳಿದರು. ಉತ್ತರವಿಲ್ಲ. ಈಗ ನಮ್ಮ ಕಡೆಯ ಒಂದು ಕಟ್ಟಳೆ ಹೇಳಬೇಕು. ದೇವಿಯ ಮುಂದೆ ಒಂದು ಮಾತು ಇಟ್ಟ ಮೇಲೆ, ಹೇಳಿಕೆಯಾಗುವ ತನಕ ಆ ವಿಷಯವನ್ನು ಮುಟ್ಟುವ ಹಾಗಿಲ್ಲ. ಹೊಲ ಕೇಳಿದ್ದರೆ ಹೊಲ ಕೊಳ್ಳುವ ಹಾಗಿಲ್ಲ, ಸಂಬಂಧ ಕೇಳಿದ್ದರೆ ಹೆಣ್ಣು ನೋಡುವ ಹಾಗಿಲ್ಲ. ಅತ್ತೆ ಕಟ್ಟಳೆಯಲ್ಲಿ ಭಾರಿ ಗಟ್ಟಿ. ಆಪರೇಷನ್ ಮಾತು ಎತ್ತಬಾರದು ಎಂದು ನನಗೆ ಹೇಳಿದರು. ಇನ್ನೊಂದು ಕೂಸಿನ ಮಾತೂ ಬೇಡವೆಂದು ಮಗನಿಗೆ ಚಾಪೆ ದಿಂಬು ಕೊಟ್ಟು ಹೊರಗೆ ಪ್ಯಾಸೇಜಿನಲ್ಲಿ ಮಲಗಲು ಹೇಳಿದರು. ಅವನು ಗೊಣಗಿದ. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಎಷ್ಟೋ ದಿನಗಳ ಮೇಲೆ ಆ ರಾತ್ರಿ ಹೆದರಿಕೆಯಿಲ್ಲದೆ ನಿದ್ದೆ ಮಾಡಿದೆ.

ಹೀಗೆ ತಿಂಗಳುಗಳು ಹೋದವು. ಕೇಳಿದವರು ಎದುರಿಗೆ ಕೂಡಲೇಬೇಕಾದ್ದರಿಂದ ಅತ್ತೆಯೂ ಪ್ರತಿ ಶುಕ್ರವಾರ ನನ್ನ ಪಕ್ಕದಲ್ಲಿ ಕೂತರು. ಮೊದಲು ಅವರ ಕೈ ಸುಮ್ಮನಿರುತ್ತಿರಲಿಲ್ಲ. ಸೆರಗು ಸರಿ ಮಾಡುವುದು, ನೆಲದ ಮೇಲಿನ ಕಸ ಆರಿಸುವುದು, ಯಾರು ಬಂದರು ಯಾರು ಹೋದರು ನೋಡುವುದು. ನನ್ನ ಚಿಕ್ಕ ಮಗಳು ಹಸಿದು ಬಂದು, “ಅಜ್ಜಿ, ಚಲೋ ನಾ, ಭೂಕ್ ಲಗೀ ಹೈ” ಎಂದು ಎಳೆದರೆ ಅವಳ ಜೊತೆ ಎದ್ದುಹೋಗಿ ಬಿಡುತ್ತಿದ್ದರು. ಬರಬರುತ್ತ ಕೈಗಳು ತೊಡೆಯ ಮೇಲೆ ನಿಂತವು. ಆಮೇಲೆ ಮೊಮ್ಮಗಳು ಎಳೆದರೂ ಏಳದಾದರು. ಒಂದು ಶುಕ್ರವಾರ ನಾನು ಕಣ್ಣು ತೆರೆದಾಗ ಅತ್ತೆಯ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ.

ಮೇಲೆ ಹೋಗುವಾಗ ಅರ್ಧ ಮೆಟ್ಟಿಲಲ್ಲಿ ನಿಂತರು.

“ನನ್ನವೂ ಬಸಿರು ಹೋಗ್ಯಾವು. ನಿನ್ನ ಗಂಡ ಹುಟ್ಟೂಕಿಂತ ಮೊದ್ಲ. ಯಾರ ಮುಂದೂ ಅಳಲಿಲ್ಲ. ಅಳಾಕ ಟೈಮ್ ಎಲ್ಲಿತ್ತು?”

ಅತ್ತೆ ಕಂಬಿ ಹಿಡಿದುಕೊಂಡು ಸುಧಾರಿಸಿಕೊಂಡರು.

“ಬರೂ ವಾರ ಕಾರ್ಖಾನಿಗೆ ರಜಾ ಹಾಕು. ಆಪರೇಷನ್ ಮಾಡಿಸ್ಕೊಂಡ ಬರೂಣು.”

“ಅಕ್ಕೋರು ಏನರ ಅಂದ್ರೇನು ಅತ್ತಿ?”

“ಏನೂ ಅನ್ಲಿಲ್ಲ” ಎಂದರು. ಮನೆಗೆ ಹೋಗಿ ಮಗನಿಗೆ ಮಾತ್ರ, “ಹೇಳಿಕಿ ಆತು. ಸಾಕಂತ” ಎಂದು ಮುಖ ಗಂಟಿಕ್ಕಿಕೊಂಡೇ ಹೇಳಿದರು. ಅವನು ತಲೆಯಾಡಿಸಿದ.

ನನ್ನ ಜೀವ ಉಳಿದದ್ದು ಹೀಗೆ. ಇದನ್ನು ಅಕ್ಕೋರು ಉಳಿಸಿದರು ಎಂದರೆ ಅವರು ಒಪ್ಪುತ್ತಿರಲಿಲ್ಲ, ಸಿಟ್ಟಿಗೇಳುತ್ತಿದ್ದರು. ನಾನು ಚೇತರಿಸಿಕೊಂಡ ಮೇಲೆ ಒಂದು ಭಾನುವಾರ ನನ್ನನ್ನು ಮಾಟುಂಗಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ಕನ್ನಡ ಸಂಘದ ಲೈಬ್ರರಿಯಲ್ಲಿ ನನಗೆ ಎರಡು ಪುಸ್ತಕ ಕೊಡಿಸಿ, ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿನ್ನಿಸಿದರು. ಕಾಫಿ ಬರುವ ಹೊತ್ತಿಗೆ ಅವರ ಮುಖ ಬಾಡಿತ್ತು.

“ಚಾಳಿನಾಗ ಎಲ್ಲಾರೂ ಅಂತಾರ, ದೇವಿ ಹೇಳಿಕಿ ಕೊಟ್ಳಂತ. ನಮ್ಮಪ್ಪ ಭೀಮಾ ನದ್ಯಾಗ ಬಿಟ್ಟ ಬಂದಿದ್ದನ್ನ ನಾ ಘಾಟ್ಕೋಪರಿಗೆ ಕರಕೊಂಡ ಬಂದಂಗಾತು. ನಾ ಸುಳ್ಳ ಹೇಳಿಲ್ಲ ತಂಗಿ. ಆದ್ರ ನಾ ಸುಮ್ಮಕ ಕುಂತದ್ದ ಒಂದ ಸುಳ್ಳ ಆತೇನು ಅಂತ ಚುಚ್ಚತೈತಿ.”

ಬಾಗಿಲು ಹಾಕಿ ಎಲ್ಲರನ್ನೂ ಕಳಿಸಿಬಿಡಬಹುದಿತ್ತಲ್ಲ ಎಂದೆ. ಅವರು ಕಾಫಿಯ ಲೋಟವನ್ನೇ ನೋಡಿದರು. “ಕಳಿಸಿದ್ರ ಮತ್ತೆಲ್ಲಿ ಕುಂದರತಾರ?” ಎಂದರು.

ಆ ದಿನವೇ ನಾನು ಕೇಳಿದ್ದು, ಇಷ್ಟು ವರ್ಷ ಕೂತು ನಿಮಗೆ ಏನು ಸಿಕ್ಕಿತು ಎಂದು. ನೆಮ್ಮದಿ ಸಿಕ್ಕಿತು ಎನ್ನುತ್ತಾರೆಂದು ಕಾದೆ. ಅವರು ಯೋಚಿಸಿ, “ದಣಿವು ಹೋಗಿಲ್ಲ. ದಣಿವಿನ ಮ್ಯಾಲಿನ ಸಿಟ್ಟು ಹೋತು. ಈಗ ದಣದ್ರ ಬರೇ ದಣದಿರತೀನಿ. ಇಷ್ಟ ಸಾಕಾಗೈತಿ ನನಗ” ಎಂದರು. ಆಗ ನನಗೆ ಇದು ಬಹಳ ಕಡಿಮೆ ಎನಿಸಿತ್ತು. ಈಗ ಲೋಕಲ್‌ನಲ್ಲಿ ಜನರ ನಡುವೆ ಸಿಕ್ಕಿಕೊಂಡು ನಿಂತಾಗ, ಕಾಲು ಸೋತಾಗ, ಇದೇ ಮಾತು ಕೈ ಹಿಡಿಯುತ್ತದೆ. ದಣಿದಿದ್ದೇನೆ, ಅಷ್ಟೇ. ಯಾರನ್ನೂ ಬೈಯಬೇಕು ಎನಿಸುವುದಿಲ್ಲ. ಅವರ ಋಣ ನನ್ನ ಮೇಲೆ ಜೀವದ್ದು ಒಂದು, ಇದು ಇನ್ನೊಂದು.

ಕಳೆದ ವರ್ಷ ಅಕ್ಕೋರು ತೀರಿಕೊಂಡರು. ಹೃದಯ ದೊಡ್ಡದಾಗಿ ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ದಿಂಬಿಗೆ ಒರಗಿಸಿ ಕೂಡಿಸಿರುತ್ತಿದ್ದರು. “ನೋಡು, ಈಗ ಬ್ಯಾಡಂದ್ರೂ ಕುಂದರಸ್ತಾರ” ಎಂದು ನನ್ನನ್ನು ನೋಡಿ ನಕ್ಕಿದ್ದರು. ಕೊನೆಯ ಕಾರ್ಯವನ್ನು ಗುಡ್ಡದ ಕೆಳಗಿನ ಬುದ್ಧವಿಹಾರದವರು ಮಾಡಿದರು. ಚಾಳಿನ ಹೆಂಗಸರೆಲ್ಲ ಬಿಳಿ ಸೀರೆ ಉಟ್ಟು ಬಂದಿದ್ದರು.

ಆದರೆ ನಾನು ಹೇಳಬೇಕಾದದ್ದು ಅದಕ್ಕೂ ನಾಲ್ಕಾರು ದಿನ ಮೊದಲಿನದು. ಅಕ್ಕೋರು ನನಗೆ, “ನಿಮ್ಮತ್ತೀನ ಒಂದ ಸಲ ಕರಕೊಂಡ ಬಾ” ಎಂದು ಹೇಳಿ ಕಳಿಸಿದರು. ಅತ್ತೆಗೆ ಈಗ ಕಣ್ಣು ಮಂದ, ಮೊಣಕಾಲು ಹಿಡಿದಿದೆ. ರಿಕ್ಷಾದಲ್ಲಿ ಕರೆದುಕೊಂಡು ಹೋದೆ. ಅಕ್ಕೋರು ಆಕ್ಸಿಜನ್ ಮಾಸ್ಕನ್ನು ಕೈಯಿಂದ ಬದಿಗೆ ಸರಿಸಿ, ಒಂದೊಂದೇ ಮಾತು ಜೋಡಿಸಿ ಹೇಳಿದರು.

“ಯವ್ವಾ, ಇದನ್ನ ಇಟ್ಕೊಂಡ ಹೋಗಾಕ ಮನಸಿಲ್ಲ. ನನ್ನ ಮೈಮ್ಯಾಲ ಎಂದೂ ಯಾವ ದೇವಿನೂ ಬಂದಿಲ್ಲ. ಖರೇ ಹೇಳ್ತೀನಿ. ನಾ ಬರೇ ಕುಂತಿದ್ದೆ.”

ಅತ್ತೆ ಅವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು.

“ಗೊತ್ತೈತ್ರಿ ಅಕ್ಕೋರ. ಮೊದ್ಲ ಗೊತ್ತಿರಲಿಲ್ಲ. ನಿಮ್ಮ ಎದುರಿಗೆ ಕುಂತ ಕುಂತ ಗೊತ್ತಾತು.”

“ಮತ್ತ ಇಷ್ಟ ವರ್ಷ ಯಾಕ ಬಂದಿ?”

“ಕುಂದ್ರಾಕರಿ. ದೇವಿ ಹೆಸರ ಹೇಳದಿದ್ರ ನಮ್ಮನ್ನ ಮನ್ಯಾಗ ಯಾರು ಕುಂದ್ರಾಕ ಬಿಡ್ತಿದ್ರು?”

ಅಕ್ಕೋರು ನಗಲು ಹೋದರು, ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತುಂಬಿದ ಮೇಲೂ ನಗುತ್ತಲೇ ಇದ್ದರು. ನಾನು ಮಾಸ್ಕ್ ಸರಿ ಮಾಡಿ ಹಾಕಿದೆ. ಅವರು ಮಾತಾಡಲಾಗದೆ ಮಂಚದ ಪಕ್ಕದ ಸ್ಟೂಲಿನ ಕಡೆ ಕೈ ತೋರಿಸಿ ಕಣ್ಣು ಮುಚ್ಚಿದರು. ಅತ್ತೆ ಸ್ಟೂಲ್ ಎಳೆದುಕೊಂಡು ಕೂತರು. ನಾನು ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಭೇಟಿಯ ಹೊತ್ತು ಮುಗಿಯಿತೆಂದು ವಾರ್ಡಿನ ಆಯಾ ಬಂದು ಎಬ್ಬಿಸುವ ತನಕ ನಾವು ಮೂವರೂ ಸುಮ್ಮನೆ ಕೂತೇ ಇದ್ದೆವು.